ಮನೆಯ ಸಿಂಗಾರ ಅಡಿಗೆಮನೆಯಿಂದ ಶುರುವಾಗಲಿ

ಹೊಸ ಮನೆ ಕಟ್ಟಿದವರು ನೆಂಟರಿಗೆ ಮೊದಲು ತೋರಿಸುವುದು ಯಾವುದನ್ನು ಹೇಳಿ? ಮುಂದಿನ ಪಡಸಾಲೆಯನ್ನು. ಅಲ್ಲಿ ಸೋಫಾ, ಗಾಜಿನ ಟೀಪಾಯಿ, ಟಿ.ವಿ.ಯ ಹಿಂದೆ ಹೂಬಳ್ಳಿಯ ಕಾಗದ, ತಲೆಯ ಮೇಲೆ ಬಣ್ಣಬಣ್ಣದ ದೀಪ ಕೂರಿಸಿದ ಸೀಲಿಂಗು. ಆಮೇಲೆ ದೇವರ ಮನೆ, ಆಮೇಲೆ ಮಲಗುವ ಕೋಣೆ. ಅಡಿಗೆಮನೆಯ ಸರದಿ ಬಂದಾಗ ಮಾತ್ರ, “ಅದೇನ್ ನೋಡ್ತೀರಿ ಬಿಡ್ರಿ, ಎಲ್ಲಾ ಹರವಿಕೊಂಡು ಬಿದ್ದೈತಿ” ಅಂತ ಬಾಗಿಲಲ್ಲೇ ತಡೆದು ವಾಪಸು ಕರಕೊಂಡು ಬರುತ್ತೇವೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಬಂದವರು ನಿಮ್ಮ ಪಡಸಾಲೆಯಲ್ಲಿ ಕೂರುವುದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಬೆಳಗಿನ ಚಹಾದಿಂದ ರಾತ್ರಿ ಹಾಲು ಹೆಪ್ಪು ಹಾಕುವವರೆಗೆ ನೀವು ಒಲೆಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತೀರಿ? ಐದು ಗಂಟೆ? ಆರು? ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಜಾಗಕ್ಕೆ ಎಲ್ಲಕ್ಕಿಂತ ಕಡಿಮೆ ದುಡ್ಡು, ಎಲ್ಲಕ್ಕಿಂತ ಕಡಿಮೆ ಗಾಳಿ, ಎಲ್ಲಕ್ಕಿಂತ ಮಂದವಾದ ದೀಪ! ಇದು ಯಾವ ನ್ಯಾಯ? ಈ ಸಲ ಮನೆ ಅಲಂಕಾರದ ಮಾತನ್ನು ನಾವು ಹಿತ್ತಲ ಬಾಗಿಲಿನಿಂದ ಶುರುಮಾಡೋಣ.

ನಮ್ಮ ಸೀಮೆಯ ಬಿಸಿಲು, ನಮ್ಮ ಹಳೆಯ ಮನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಈ ಐದೂ ತಾಲ್ಲೂಕುಗಳಿಗೆ ಒಂದು ಸಮಾನ ಸಂಗತಿ ಉಂಟು, ಅದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿಯನ್ನು ಮುಟ್ಟುತ್ತದೆ, ದಾಟುವ ದಿನಗಳೂ ಇವೆ. ಪೇಟೆಯ ಮಾಸಪತ್ರಿಕೆಯಲ್ಲಿ ಕಂಡ ದಪ್ಪ ವೆಲ್ವೆಟ್ ಪರದೆ, ಕಾರ್ಪೆಟ್ಟು, ತುಂಬು ಗಾಜಿನ ಕಿಟಕಿ ಇವೆಲ್ಲ ತಣ್ಣನೆಯ ಊರಿನ ಸೊಗಸು. ಅವನ್ನೇ ಇಲ್ಲಿ ತಂದು ಕೂರಿಸಿದರೆ ಧೂಳು ನಿಮ್ಮ ಪಾಲಿಗೆ, ಸೆಕೆ ಎಲ್ಲರ ಪಾಲಿಗೆ.

ನಮ್ಮ ಅಜ್ಜಿಯರ ಮಾಳಿಗೆ ಮನೆಗಳನ್ನು ನೆನಪಿಸಿಕೊಳ್ಳಿ. ಮೊಳದಗಲದ ಮಣ್ಣಿನ ಗೋಡೆ, ತೊಲೆ ಜಂತಿಯ ಮೇಲೆ ದಪ್ಪಗೆ ಹರವಿದ ಮಣ್ಣಿನ ಮಾಳಿಗೆ, ನಡುವೆ ಬೆಳಕಿಗೊಂದು ಗವಾಕ್ಷಿ. ಮಣ್ಣು ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತದೆ. ಅದಕ್ಕೇ ಮಧ್ಯಾಹ್ನದ ಹೊತ್ತು ಅಲ್ಲಿ ತಂಪು. ಇಂದಿನ ಆರ್‌.ಸಿ.ಸಿ. ಚಾವಣಿ ನಾಲ್ಕೈದು ಅಂಗುಲ ದಪ್ಪ. ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಹತ್ತಾದರೂ ಕೆಳಗೆ ಮಲಗಿದವರ ಮೇಲೆ ಕಾರುತ್ತಲೇ ಇರುತ್ತದೆ. ಹಾಗಂತ ಹಳೆಯ ಮನೆಗೆ ಹೋಗಿ ಎಂದು ಹೇಳುತ್ತಿಲ್ಲ. ಮಳೆಗಾಲದ ಸೋರಿಕೆ, ಇಲಿ, ಹುಳ, ವರ್ಷವರ್ಷ ಮಣ್ಣು ಹೊರುವ ಕಷ್ಟ ಹೆಂಗಸರಿಗೆ ಚೆನ್ನಾಗಿ ಗೊತ್ತು. ಆದರೆ ಆ ಮನೆಯ ಜಾಣತನವನ್ನು ಹೊಸ ಮನೆಗೆ ತರಬಹುದು.

ಅಡಿಗೆಮನೆ: ಮೊದಲು ಗಾಳಿ, ಆಮೇಲೆ ಬಣ್ಣ

1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಬಡ, ಮಧ್ಯಮ ವರ್ಗದವರಿಗೆ ಸಾಲುಸಾಲು ಮನೆಗಳನ್ನು ಕಟ್ಟುತ್ತಿದ್ದರು. ಮಾರ್ಗರೆಟ್ ಶುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳಾ ವಾಸ್ತುಶಿಲ್ಪಿ ಅವುಗಳ ಅಡಿಗೆಮನೆಯ ನಕ್ಷೆ ಮಾಡಿದರು. ಒಲೆಯಿಂದ ನೀರಿಗೆ ಎಷ್ಟು ಹೆಜ್ಜೆ, ನೀರಿನಿಂದ ಕಪಾಟಿಗೆ ಎಷ್ಟು ಹೆಜ್ಜೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಅಳೆದು ಅವರು ರೂಪಿಸಿದ ಆ ಕೋಣೆ ಆರಡಿ ಅಗಲ, ಹನ್ನೊಂದಡಿ ಉದ್ದ, ಅಷ್ಟೇ! ಅಷ್ಟರಲ್ಲೇ ಕಿಟಕಿಯ ಮುಂದೆ ಹೆಚ್ಚುವ ಮೇಜು, ಕೂತು ಕೆಲಸ ಮಾಡಲು ಒಂದು ಸ್ಟೂಲು. ಸುಮಾರು 10,000 ಮನೆಗಳಿಗೆ ಆ ಅಡಿಗೆಮನೆ ಹೋಯಿತು. ಇವತ್ತು ಪೇಟೆಯವರು ‘ಮಾಡ್ಯುಲರ್ ಕಿಚನ್’ ಎಂದು ಲಕ್ಷ ಲಕ್ಷ ಸುರಿಯುವುದರ ಬೇರು ಅಲ್ಲಿದೆ. ಆ ಜಾಣತನಕ್ಕೆ ಮಾತ್ರ ಲಕ್ಷ ಬೇಕಿಲ್ಲ. ನೀವೂ ಒಂದು ದಿನ ನಿಮ್ಮ ಹೆಜ್ಜೆ ಎಣಿಸಿ ನೋಡಿ. ಉಪ್ಪಿನ ಡಬ್ಬಿಗಾಗಿ ದಿನಕ್ಕೆ ಹತ್ತು ಸಲ ಆ ಮೂಲೆಗೆ ಹೋಗುತ್ತಿದ್ದರೆ, ಡಬ್ಬಿಯ ಜಾಗ ತಪ್ಪಾಗಿದೆ ಎಂದೇ ಅರ್ಥ.

*ಕಟ್ಟೆಯ ಎತ್ತರ:* ನೇರವಾಗಿ ನಿಂತು ಮೊಣಕೈ ಮಡಿಸಿ. ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಕಟ್ಟೆ ಇದ್ದರೆ ಹೆಗಲು, ಸೊಂಟ ಎರಡೂ ಉಳಿಯುತ್ತವೆ. ಗಾರೆಯವನು ತನ್ನ ಅಳತೆಗೆ ಕಟ್ಟದಿರಲಿ, ನೀವೇ ಹೋಗಿ ನಿಂತು ತೋರಿಸಿ. ನಮ್ಮ ಕಡೆ ಇನ್ನೊಂದು ಮಾತಿದೆ, ಜೋಳದ ರೊಟ್ಟಿ. ಹಿಟ್ಟು ನಾದಿ ರೊಟ್ಟಿ ಬಡಿಯುವುದಕ್ಕೆ ಕೈಯ ಭಾರ ಬೇಕು, ಅದಕ್ಕೆ ಇನ್ನೂ ನಾಲ್ಕು ಬೆರಳು ತಗ್ಗು ಇರಬೇಕು. ಕಟ್ಟೆ ಈಗಾಗಲೇ ಎತ್ತರವಾಗಿದ್ದರೆ ಚಿಂತೆಯಿಲ್ಲ. ಕಾಲ ಕೆಳಗೆ ಅಲುಗಾಡದ ಒಂದು ಅಗಲ ಮಣೆ ಹಾಕಿಕೊಳ್ಳಿ.

*ಗಾಳಿ, ಹೊಗೆ:* ಬಿಸಿ ಗಾಳಿ ಮೇಲಕ್ಕೇರುತ್ತದೆ. ಆದ್ದರಿಂದ ಅದು ಹೋಗುವ ದಾರಿ ಚಾವಣಿಯ ಹತ್ತಿರವಿರಬೇಕು, ತಂಪು ಗಾಳಿ ಬರುವ ದಾರಿ ಎದುರಿನ ಗೋಡೆಯಲ್ಲಿ, ಕೆಳಗಿರಬೇಕು. ಒಲೆಯ ಮೇಲ್ಭಾಗದಲ್ಲಿ ಗಾಳಿ ಹೊರದೂಡುವ ಒಂದು ಫ್ಯಾನು ಸೋಫಾದ ಬೆಲೆಯಲ್ಲಿ ಎಷ್ಟನೇ ಪಾಲು ನೋಡಿ! ಗ್ಯಾಸು ಬಂದರೂ ಸ್ನಾನದ ನೀರಿಗೆ, ಹಬ್ಬದ ಹೋಳಿಗೆಗೆ ಸೌದೆ ಒಲೆ ಹಚ್ಚುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥವರು ಹೊಗೆ ಕೊಳವೆ ಇಲ್ಲದ ಒಲೆ ಇಟ್ಟುಕೊಳ್ಳಲೇಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಹಳ್ಳಿಗಳಿಗಾಗಿ ರೂಪಿಸಿದ ‘ಅಸ್ತ್ರ ಒಲೆ’ ಇದಕ್ಕೆ ಹೆಸರಾಯಿತು. ಬೆಂಕಿಗೆ ಮುಚ್ಚಿದ ಗೂಡು, ಹೊಗೆಗೆ ಹೊರಗೆ ಹೋಗುವ ಕೊಳವೆ, ಕಡಿಮೆ ಸೌದೆ. ಕೆಮ್ಮು, ಕಣ್ಣುರಿ ಹೆಣ್ಣುಮಕ್ಕಳ ಹಣೆಬರಹವಲ್ಲ, ಕೊಳವೆ ಇಡದವರ ಉದಾಸೀನ.

*ಬೆಳಕು:* ಕೋಣೆಯ ನಡುವೆ ಒಂದೇ ದೀಪವಿದ್ದರೆ ನಿಮ್ಮ ನೆರಳೇ ಈಳಿಗೆಯ ಮೇಲೆ ಬೀಳುತ್ತದೆ. ಕಟ್ಟೆಯ ಮೇಲೆ, ನಿಮ್ಮ ಮುಂದುಗಡೆ ಒಂದು ಸಣ್ಣ ಎಲ್‌.ಇ.ಡಿ. ಪಟ್ಟಿ ಹಾಕಿಸಿ. ಹೆಂಚಿನ ಮನೆಯಾದರೆ ಒಂದೆರಡು ಗಾಜಿನ ಹೆಂಚು ಸಾಕು, ಹಗಲು ದೀಪದ ಖರ್ಚೇ ಇಲ್ಲ.

*ಇನ್ನು ಅಂದ:* ಗೋಡೆಗೆ ತಿಳಿ ಹಳದಿ ಅಥವಾ ಮಜ್ಜಿಗೆ ಬಿಳುಪು. ಕಂಚು, ಹಿತ್ತಾಳೆಯ ಹಳೆಯ ತಂಬಿಗೆ, ಕೊಳಗಗಳನ್ನು ಅಟ್ಟದಿಂದ ಇಳಿಸಿ ಒಂದೇ ನಾಗಂದಿಗೆಯ ಮೇಲೆ ಸಾಲಾಗಿಡಿ. ತಿಕ್ಕುವುದಕ್ಕೆ ಹುಣಸೆಹಣ್ಣು ಸಾಕು, ಕೂಡ್ಲಿಗಿ ಕಡೆಯವರಿಗೆ ಹುಣಸೆಗೆ ಬರವೇ? ದಿನ ಬಳಸುವ ಡಬ್ಬಿಗಳು ಮಾತ್ರ ಕೈಗೆ ಸಿಗುವಂತಿರಲಿ, ಉಳಿದವು ಬಾಗಿಲುಳ್ಳ ಕಪಾಟಿಗೆ ಹೋಗಲಿ. ತೆರೆದ ಗೂಡು ಚಿತ್ರದಲ್ಲಿ ಚೆಂದ, ನಮ್ಮೂರ ಧೂಳಿಗೆ ಅಲ್ಲ.

ಮಾಳಿಗೆ: ಒಂದು ಬಕೀಟು ಸುಣ್ಣದ ಮಹಿಮೆ

ಅಡಿಗೆಮನೆಯ ಸೆಕೆ ಅರ್ಧ ಒಲೆಯದಾದರೆ ಅರ್ಧ ಚಾವಣಿಯದು. ಅದಕ್ಕೇ ಈಗ ಮೇಲಕ್ಕೆ ಹತ್ತೋಣ. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಕುಡಿಯುತ್ತದೆ. ಮಾಳಿಗೆಗೆ ಬಿಳಿ ಬಳಿದರೆ ಕೆಳಗಿನ ಕೋಣೆಯಲ್ಲಿ ಎರಡು ಮೂರು ಡಿಗ್ರಿಯಾದರೂ ಇಳಿಯುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಗೆ ನೂರಾರು ಜನ ಸತ್ತರು. 2013ರಲ್ಲಿ ಆ ನಗರ ಬಿಸಿಲ ಬೇಗೆಯನ್ನು ಎದುರಿಸಲು ಒಂದು ಯೋಜನೆಯನ್ನೇ ಮಾಡಿತು. ಮುಂದೆ ಅಲ್ಲಿನ ಬಡವರ ಬಡಾವಣೆಗಳ ಚಾವಣಿಗಳಿಗೆ ಬಿಳಿ ಬಳಿಯುವ ಕೆಲಸವೂ ನಡೆಯಿತು. ಮಹಿಳಾ ಹೌಸಿಂಗ್ ಟ್ರಸ್ಟ್ ಎಂಬ ಹೆಣ್ಣುಮಕ್ಕಳ ಸಂಸ್ಥೆ ಅದರಲ್ಲಿ ಕೈಜೋಡಿಸಿದೆ. 2023ರಲ್ಲಿ ನೆರೆಯ ತೆಲಂಗಾಣ ಸರ್ಕಾರ ತಂಪು ಚಾವಣಿಗೆಂದೇ ನೀತಿ ತಂದಿತು.

ನೀವು ಮಾಡುವ ವಿಧಾನ ಹೀಗೆ:

ಬೇಕಾಗುವ ಸಾಮಾನು: ಸುಟ್ಟ ಸುಣ್ಣದ ಹರಳು 2 ಕಿಲೋ, ನೀರು 10 ಲೀಟರ್, ಅಂಟು ಸುಮಾರು 40 ಗ್ರಾಂ.

ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಅದಕ್ಕೆ ಸುಣ್ಣದ ಹರಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಕುದಿಯುವಷ್ಟು ಬಿಸಿಯಾಗುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಬಕೀಟು ಬೇಡ, ಮಕ್ಕಳು ಹತ್ತಿರ ಸುಳಿಯುವುದೂ ಬೇಡ. ಕೋಲಿನಿಂದ ಕದಡಿ ಒಂದು ದಿನ ಪೂರ್ತಿ ಬಿಡಿ. ಮರುದಿನ ಒರಟು ಬಟ್ಟೆಯಲ್ಲಿ ಸೋಸಿ. ಅಂಟನ್ನು ಬಿಸಿ ನೀರಿನಲ್ಲಿ ಕರಗಿಸಿ ಬೆರೆಸಿ. ಮಾಳಿಗೆಯನ್ನು ಗುಡಿಸಿ, ತೊಳೆದು, ಸಂಜೆ ಹೊತ್ತು ಒಂದು ಸಲ ಬಳಿಯಿರಿ. ಒಣಗಿದ ಮೇಲೆ ಅಡ್ಡಡ್ಡಲಾಗಿ ಇನ್ನೊಂದು ಸಲ ಬಳಿಯಿರಿ. ಕೈಗೆ ಚೀಲ, ಕಣ್ಣಿಗೆ ಕನ್ನಡಕ ಇರಲಿ. ಕಣ್ಣಿಗೆ ಸಿಡಿದರೆ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ತಡಮಾಡದೆ ಡಾಕ್ಟರ ಬಳಿ ಹೋಗಬೇಕು.

ಮಳೆ ಬಂದರೆ ಸುಣ್ಣ ತೊಳೆದು ಹೋಗುತ್ತದೆ, ನಿಜ. ಬೇಸಿಗೆ ಕಳೆಯುವವರೆಗೆ ಉಳಿದರೆ ಅದರ ಕೆಲಸ ಆಯಿತಲ್ಲ! ಬಾಡಿಗೆ ಮನೆಯವರಿಗೂ ಇದು ಭಾರವಲ್ಲ. ಹಪ್ಪಳ, ಶಾವಿಗೆ ಒಣಗಿಸುವಾಗ ಮಾತ್ರ ಕೆಳಗೆ ಹಳೆಯ ಚಾದರ ಹಾಸಿಕೊಳ್ಳಿ.

ಬಾಗಿಲು ಮತ್ತು ಪಡಸಾಲೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಗೆ ಹೋದವರು ಕಲ್ಲೇಶ್ವರ ದೇವಾಲಯದ ಬಾಗಿಲವಾಡವನ್ನು ಕಣ್ತುಂಬ ನೋಡಿರುತ್ತೀರಿ. ಸುಮಾರು ಸಾವಿರ ವರ್ಷದ ಹಿಂದಿನ ಆ ಶಿಲ್ಪಿಗಳು ಕುಸುರಿಯನ್ನೆಲ್ಲ ಬಾಗಿಲ ಸುತ್ತ ತುಂಬಿದ್ದಾರೆ. ಒಳಗೆ ಬರುವವರ ಕಣ್ಣು ಮೊದಲು ನಿಲ್ಲುವುದು ಅಲ್ಲೇ ತಾನೇ? ಮನೆಗೂ ಇದೇ ಸೂತ್ರ ಸಾಕು. ಗೋಡೆಗೆಲ್ಲ ಅಲಂಕಾರ ತುಂಬುವ ಬದಲು ಬಾಗಿಲೊಂದನ್ನು ಸಿಂಗರಿಸಿ. ಹೊಸ್ತಿಲಿಗೆ ಕೆಮ್ಮಣ್ಣು, ಅದರ ಮೇಲೆ ಬಿಳಿ ರಂಗೋಲಿ, ಮೇಲೆ ಮಾವಿನ ತಳಿರು. ಗೋಡೆಯ ಬುಡಕ್ಕೆ ಗೇಣಗಲ ಕೆಮ್ಮಣ್ಣಿನ ಕಾರಣೆ ಎಳೆದರೆ ಮಕ್ಕಳ ಕಾಲಿನ ಗುರುತು, ಧೂಳಿನ ಕಲೆ ಎರಡೂ ಅದರಲ್ಲಿ ಅಡಗುತ್ತವೆ. ಮಣ್ಣಿನ ಗೋಡೆಯವರಿಗೆ ಒಂದು ಮಾತು: ಸುಣ್ಣವನ್ನೇ ಬಳಸಿ. ಪ್ಲಾಸ್ಟಿಕ್ ಪೇಂಟು ಬಳಿದರೆ ಒಳಗಿನ ತೇವಕ್ಕೆ ಹೊರದಾರಿಯಿಲ್ಲದೆ ಬಣ್ಣ ಹಪ್ಪಳದಂತೆ ಏಳುತ್ತದೆ. ಈಗಾಗಲೇ ಪೇಂಟು ಬಳಿದ ಗೋಡೆಯ ಮೇಲೆ ಸುಣ್ಣ ಹಿಡಿಯುವುದಿಲ್ಲ, ಕೆರೆದ ಮೇಲೆಯೇ ಬಳಿಯಬೇಕು.

ಪಡಸಾಲೆಯಲ್ಲಿ ಸೋಫಾ ಬೇಕೇ ಬೇಕೇ? ಕೊಟ್ಟೂರಿನವರನ್ನು ಕೇಳಿ. ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರು ಬಂತೆಂದರೆ ದಾವಣಗೆರೆ ಕಡೆಯಿಂದ, ಇನ್ನೂ ದೂರದಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ನೆಂಟರಿಷ್ಟರು ಮನೆ ತುಂಬುತ್ತಾರೆ. ಆಗ ಆ ದೊಡ್ಡ ಸೋಫಾ ಎಂಟು ಜನ ಮಲಗುವ ಜಾಗ ನುಂಗಿ ಮೂವರನ್ನು ಕೂರಿಸುತ್ತದೆ! ಗೋಡೆಗೆ ಒತ್ತಿ ಒಂದು ದಿವಾನ, ಅದರ ಹೊಟ್ಟೆಯಲ್ಲಿ ಹಾಸಿಗೆ, ಹೊದಿಕೆ. ನೆಲಕ್ಕೆ ಸುತ್ತಿಡಬಹುದಾದ ಜಮಖಾನ. ನಾಲ್ಕು ಮಡಿಸುವ ಕುರ್ಚಿ. ಹಬ್ಬಕ್ಕೂ ಸೈ, ಉಳಿದ ದಿನಕ್ಕೂ ಸೈ.

ದಿವಾನದ ಮೇಲೆ ಅಂಗಡಿಯ ಮಿರಿಮಿರಿ ಹೊದಿಕೆ ಬೇಡ, ನಿಮ್ಮ ಕೌದಿ ಹಾಸಿ. ತಾಯಿಯ ಇಳಕಲ್ ಸೀರೆಯ ಸೆರಗು, ಮಗಳ ಹಳೆಯ ಲಂಗ, ಯಜಮಾನರ ಪಂಚೆ ಎಲ್ಲ ಸೇರಿದ ಒಂದು ಕೌದಿಗಿಂತ ದೊಡ್ಡ ಚಿತ್ರಪಟ ಯಾವುದಿದೆ? ಬಣ್ಣ ಜೋಡಿಸುವಾಗ ಒಂದು ಉಪಾಯ: ಒಂದು ಗಾಢ ಬಣ್ಣವನ್ನು ಅಂಚಿಗೆ ಸುತ್ತಲೂ ಕೊಡಿ, ಒಳಗೆ ಎಷ್ಟು ಬಗೆಯ ತುಂಡುಗಳಿದ್ದರೂ ಅದು ಅವನ್ನು ಹಿಡಿದಿಡುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬಹಳ. ಅಲ್ಲಿನ ತುಂಡುಬಟ್ಟೆ ಸಿಕ್ಕರೆ ಕಾಲೊರಸಿಗೆ, ಕುರ್ಚಿಯ ಮೆತ್ತೆಗೆ ಅದಕ್ಕಿಂತ ಗಟ್ಟಿ ಬಟ್ಟೆ ಬೇರೆ ಇಲ್ಲ.

ಹಾಗೆಯೇ ಲಂಬಾಣಿ ಕಸೂತಿ. ನಮ್ಮ ತಾಲ್ಲೂಕುಗಳ ತಾಂಡಾಗಳಲ್ಲಿ ಕನ್ನಡಿ ಬಿಲ್ಲೆ, ಕವಡೆ ಕೂರಿಸಿ ಹೊಲಿಯುವ ಕೈಗಳಿವೆ. ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಜಿ.ಐ. ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಪೇಟೆಯವರು ಹುಡುಕಿಕೊಂಡು ಬಂದು ಕೊಳ್ಳುವ ಕಸೂತಿ ಇದು. ನಮ್ಮ ಪಡಸಾಲೆಯ ಎರಡು ದಿಂಬಿಗೆ, ಒಂದು ತೋರಣಕ್ಕೆ ಇಲ್ಲಿನ ಕೈಗಳಿಗೇ ಕೆಲಸ ಕೊಡಬಾರದೇಕೆ? ಬೆಲೆ ಚೌಕಾಸಿ ಮಾಡುವ ಮುನ್ನ ನೀವೇ ಒಂದು ಕನ್ನಡಿ ಬಿಲ್ಲೆ ಕೂರಿಸಿ ನೋಡಿ, ಎಷ್ಟು ಹೊತ್ತು ಹಿಡಿಯಿತು ಎಂದು.

ದೇವರ ಮನೆ

ಇಲ್ಲಿ ಕಡಿಮೆ ಇದ್ದಷ್ಟೂ ಶೋಭೆ. ಕ್ಯಾಲೆಂಡರಿನ ಹಳೆಯ ಪಟಗಳನ್ನೆಲ್ಲ ಮೊಳೆ ಹೊಡೆದು ತುಂಬಬೇಡಿ. ಜಗುಲಿಯ ಹಿಂದಿನ ಗೋಡೆ ಬಿಳಿ ಇರಲಿ, ಅದರ ಮುಂದೆ ಹಿತ್ತಾಳೆಯ ಒಂದು ದೀಪ ಎದ್ದು ಕಾಣುತ್ತದೆ. ನೈಲಾನ್ ಪರದೆ, ಪ್ಲಾಸ್ಟಿಕ್ ಹೂವಿನ ಸರ ದೀಪದ ಹತ್ತಿರ ಬೇಡವೇ ಬೇಡ, ಒಂದು ಕಿಡಿ ಸಾಕು. ಎಣ್ಣೆ ಮಸಿಗೆ ಮೇಲೊಂದು ಕಿಂಡಿ ಇರಲಿ.

ಇನ್ನು ಹೂವು! ಹೆಸರಲ್ಲೇ ಹೂವಿರುವ ಊರು ನಮ್ಮದು. ಹಡಗಲಿ ಮಲ್ಲಿಗೆಗೂ ಜಿ.ಐ. ಗುರುತು ಇದೆ. ಬಿಸಿಲು ಬೀಳುವ ಕಡೆ ಒಂದು ಅಗಲವಾದ ಕುಂಡದಲ್ಲಿ ಮಲ್ಲಿಗೆ ಇಡಿ. ಚಳಿಗಾಲದಲ್ಲಿ ಕಡ್ಡಿ ಸವರಿ ಗೊಬ್ಬರ ಕೊಟ್ಟರೆ ಬೇಸಿಗೆಗೆ ಮೊಗ್ಗು ಹಿಡಿಯುತ್ತದೆ. ಅಗಲ ಬಟ್ಟಲಿನ ನೀರಿನಲ್ಲಿ ಒಂದು ಹಿಡಿ ಹೂ ತೇಲಿಬಿಟ್ಟರೆ ಯಾವ ಊದುಬತ್ತಿಯೂ ಬೇಕಿಲ್ಲ.

ಮಲಗುವ ಕೋಣೆ, ಮಕ್ಕಳ ಮೂಲೆ

ಮಲಗುವ ಕೋಣೆಯ ಮೊದಲ ಅಲಂಕಾರವೆಂದರೆ ಸಾಮಾನು ಕಡಿಮೆ ಮಾಡುವುದು. ಬೀರುವಿನ ಮೇಲೆ ಸೂಟ್‌ಕೇಸು, ಅದರ ಮೇಲೆ ರಟ್ಟಿನ ಡಬ್ಬ, ಮಂಚದ ಕೆಳಗೆ ಈರುಳ್ಳಿ ಚೀಲ, ಗಾಳಿಗೆ ಜಾಗವೆಲ್ಲಿ? ವರ್ಷದಲ್ಲಿ ಒಮ್ಮೆಯೂ ತೆಗೆಯದ್ದನ್ನು ಬೇಕಾದವರಿಗೆ ಕೊಟ್ಟುಬಿಡಿ. ಪರದೆಗೆ ತೆಳು ಹತ್ತಿ ಬಟ್ಟೆ, ಹಳೆಯ ಸೀರೆಯಾದರೂ ಸರಿ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು, ಒಳಗೆ ಬಂದ ಮೇಲೆ ಪರದೆ ಎಳೆದು ಏನು ಫಲ? ಬೆಳಿಗ್ಗೆ ಹತ್ತಕ್ಕೆ ಕಿಟಕಿ ಮುಚ್ಚಿ, ಸಂಜೆ ತಂಪಾದ ಮೇಲೆ ಎಲ್ಲ ತೆರೆಯಿರಿ. ಸೊಳ್ಳೆಗೆ ಜಾಲರಿ ಮರೆಯಬೇಡಿ.

ಮಕ್ಕಳಿಗೆ ಬೇರೆ ಕೋಣೆ ಇಲ್ಲದಿದ್ದರೂ ಬೇರೆ ಮೂಲೆ ಇರಲಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಬೇಕು, ಎಡಗೈಯವರಿಗೆ ಬಲಗಡೆಯಿಂದ. ಗೋಡೆಯ ಮೇಲೆ ಮೂರಡಿ ಚೌಕ ಕರಿಹಲಗೆಯ ಬಣ್ಣ ಬಳಿದುಬಿಡಿ. ಗೋಡೆ ಗೀಚಿದರೆಂದು ಬೈಯುವ ಕೆಲಸ ತಪ್ಪುತ್ತದೆ, ಮಗ್ಗಿಯೂ ಕಣ್ಣ ಮುಂದಿರುತ್ತದೆ. ಮಗ ಮೇಜಿನ ಮೇಲೆ ಓದಿ, ಮಗಳು ಅಡಿಗೆಮನೆಯ ಹೊಸ್ತಿಲ ಮೇಲೆ ಓದುವಂತಾಗದಿರಲಿ, ಅದೂ ಮನೆಯ ಅಂದಕ್ಕೆ ಸೇರಿದ ಮಾತೇ.

ನಿಮ್ಮದೊಂದು ಜಾಗ

ಯಜಮಾನರಿಗೆ ಕುರ್ಚಿ ಇದೆ, ಅತ್ತೆಯವರಿಗೆ ಮಂಚ ಇದೆ, ಮಕ್ಕಳಿಗೆ ಮೂಲೆ ಆಯಿತು. ನಿಮಗೆ? “ಇಡೀ ಮನೀನ ನಂದಲ್ಲೇನ್ರಿ?” ಅಂತೀರಿ. ಇಡೀ ಮನೆ ನಿಮ್ಮದು, ನಿಜ, ಆದರೆ ಕೂರಲು ಒಂದು ಜಾಗವಿಲ್ಲ! ಕಿಟಕಿಯ ಪಕ್ಕ ಒಂದು ಕುರ್ಚಿ, ಕೈಗೆ ಸಿಗುವಂತೆ ಒಂದು ಗೂಡು. ಅದರಲ್ಲಿ ನಿಮ್ಮ ಹೊಲಿಗೆ, ನಿಮ್ಮ ಪುಸ್ತಕ, ನಿಮ್ಮ ಕನ್ನಡಕ, ಲೆಕ್ಕದ ವಹಿ. ಬೇರೆಯವರ ಸಾಮಾನು ಅಲ್ಲಿ ಇಡಕೂಡದು ಎಂಬ ಒಂದೇ ಒಂದು ಕಾನೂನು. ಮಧ್ಯಾಹ್ನದ ಅರ್ಧ ಗಂಟೆ ಅಲ್ಲಿ ಕೂರಿ. ಅದನ್ನು ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ.

ಹಬ್ಬಕ್ಕೊಂದು ಕೆಲಸ

ಎಲ್ಲವನ್ನೂ ಒಂದೇ ಸಲ ಹಚ್ಚಿಕೊಂಡರೆ ಸೊಂಟವೂ ಹೋದೀತು, ಗಂಟೂ ಹೋದೀತು. ಹಬ್ಬದ ಲೆಕ್ಕದಲ್ಲಿ ಮಾಡಿ: ಶಿವರಾತ್ರಿ ಕಳೆದು ಯುಗಾದಿಯೊಳಗೆ ಮಾಳಿಗೆಗೆ ಸುಣ್ಣ, ಕಿಟಕಿಗೆ ತಟ್ಟಿ. ಕಾರಹುಣ್ಣಿಮೆಗೆ ಮಳೆಯ ಸೋರಿಕೆ, ಬಿರುಕು ನೋಡಿಕೊಳ್ಳಿ. ದಸರೆಗೆ ಪಾತ್ರೆ, ಕಪಾಟು, ಅಡಿಗೆಮನೆಯ ಬಣ್ಣ. ದೀಪಾವಳಿಗೆ ಬಾಗಿಲು, ಕಾರಣೆ, ಪಡಸಾಲೆ. ಚಳಿಗಾಲದ ಮಧ್ಯಾಹ್ನಗಳಿಗೆ ಕೌದಿ.

ಕೈಯಲ್ಲಿರುವುದು ಒಂದೇ ಕೆಲಸದ ದುಡ್ಡು ಎಂದಾದರೆ ಅಡಿಗೆಮನೆಯ ಆ ಫ್ಯಾನನ್ನೇ ಮೊದಲು ತರಿಸಿ. ಸೋಫಾ ಮುಂದಿನ ವರ್ಷಕ್ಕೂ ಅಂಗಡಿಯಲ್ಲಿ ಸಿಗುತ್ತದೆ.